ಹೆದರಿದಾಗ ಬಂದ ಮಾತು

ಮಾರ್ಚ್ ೬, ಸೋಮವಾರ

ಹೊಸ ಆಯಾ ಬಂದಿದ್ದಾಳೆ. ಹೆಸರು ಅರ್ಚನಾ ಮಂಡಲ್ ಅಂತೆ. ‘ಅಂತೆ’ ಎಂದು ಯಾಕೆ ಬರೆದೆನೋ ಗೊತ್ತಿಲ್ಲ, ಬರೆದದ್ದನ್ನು ಹೊಡೆದುಹಾಕುವ ಅಭ್ಯಾಸ ನನಗಿಲ್ಲ.

ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ ಇವಳು ಮೂರನೆಯವಳು. ಮೊದಲನೆಯವಳು ದಿನವಿಡೀ ಫೋನಿನಲ್ಲಿ ಧಾರಾವಾಹಿ ನೋಡುತ್ತಿದ್ದಳು. ಎರಡನೆಯವಳು ನನ್ನ ಡಬ್ಬಿಯ ಕೊಬ್ಬರಿ ಉಂಡೆ ಖಾಲಿ ಮಾಡಿ ತಪ್ಪನ್ನು ಇಲಿಯ ಮೇಲೆ ಹಾಕಿದಳು. ಸರಿಯಾದ ಕೈ ಸಿಕ್ಕಿ ದಿನಾ ವ್ಯಾಯಾಮ ಮಾಡಿಸಿದರೆ ವೈಶಾಖದ ಹೊತ್ತಿಗೆ ನಡೆಯುತ್ತೀರಿ, ಇಲ್ಲದಿದ್ದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಮುಖದ ಮೇಲೇ ಹೇಳಿದ್ದಾರೆ. ಸೊಸೆಗೆ ಮಾಲ್ದಾಕ್ಕೆ ವರ್ಗವಾಗಿದೆ. ಮಗ ಬುಬಾಯಿ ಬೆಳಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾನೆ. ಮೊಮ್ಮಗಳು ತಿತಿರ್ ಕಲ್ಕತ್ತೆಯ ಕಾಲೇಜಿಗೆ ರೈಲಿನಲ್ಲಿ ಹೋಗಿಬರುತ್ತಾಳೆ. ಆದ್ದರಿಂದ ನನ್ನ ಕಾಲು ಈಗ ಈ ಅಪರಿಚಿತಳ ಕೈಯಲ್ಲಿದೆ.

ಕೆಲಸ ಬಲ್ಲವಳು, ಅದನ್ನು ಒಪ್ಪಬೇಕು. ಎತ್ತಿ ಕೂರಿಸಿದಾಗ ನೋವೇ ಆಗಲಿಲ್ಲ. ಆದರೆ ತನ್ನ ಮಗಳೇ ಮದುವೆಯ ವಯಸ್ಸಿಗೆ ಬಂದಿದ್ದಾಳೆ ಎನ್ನುತ್ತಾಳೆ, ಮುತ್ತೈದೆಯ ಗುರುತಾಗಿ ಹಾಕುವ ಶಂಖದ ಬಳೆ ಮಾತ್ರ ಮೊನ್ನೆ ಅಂಗಡಿಯಿಂದ ತಂದ ಹಾಗೆ ಬೆಳ್ಳಗಿದೆ. ಮನೆಯಲ್ಲಿ ಅಡುಗೆ ಮಾಡುವ ಹೆಂಗಸಿನ ಶಂಖದ ಬಳೆ ಅರಿಶಿನ ತಾಗಿ ಹಳದಿಯಾಗದೆ ಇರುತ್ತದೆಯೇ? ಬೈತಲೆಯ ಸಿಂಧೂರವೂ ಸ್ಕೇಲು ಇಟ್ಟು ಎಳೆದಷ್ಟು ನೇರ.

ಮಂಡಲ್ ಎಂಬ ಅಡ್ಡಹೆಸರು ಎರಡೂ ಕಡೆಯವರಲ್ಲಿ, ಹಿಂದೂಗಳಲ್ಲೂ ಮುಸಲ್ಮಾನರಲ್ಲೂ, ಇದೆ. ಸುಮ್ಮನೆ ನೆನಪಾಯಿತು, ಬರೆದೆ.

ಮಾರ್ಚ್ ೯, ಗುರುವಾರ

ಮಧ್ಯಾಹ್ನ ನನಗೆ ನಿದ್ದೆ ಬಂದಿದೆ ಎಂದು ತಿಳಿದು ಇವಳು ತಾರಸಿಗೆ ಹೋಗುತ್ತಾಳೆ. ನಾನು ನಿದ್ದೆ ಮಾಡುವುದಿಲ್ಲ, ಕಣ್ಣು ಮುಚ್ಚಿಕೊಂಡಿರುತ್ತೇನೆ. ಎರಡೂ ಬೇರೆ.

“ಎಲ್ಲಿಗೆ ಹೋಗಿದ್ದೆ?”

“ಬಟ್ಟೆ ಒಣಗಿದ್ಯಾ ನೋಡೋಕೆ ಮಾಶಿಮಾ.”

“ಒಣಗಿತ್ತಾ?”

“ಇನ್ನೂ ಹಸಿ ಇದೆ.”

ಈ ಬಿಸಿಲಿಗೆ ಮನುಷ್ಯರೇ ಒಣಗುತ್ತಿದ್ದಾರೆ, ಬಟ್ಟೆ ಒಣಗಲಿಲ್ಲವಂತೆ. ಅವಳ ಪಾದ, ಮೊಣಕೈವರೆಗೆ ಕೈ ಒದ್ದೆಯಾಗಿದ್ದವು. ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಾಳೆ, ಖಂಡಿತ. ಗಂಡಸೇ ಇರಬೇಕು. ಕಾಲು ತೊಳೆದುಕೊಂಡು ಯಾಕೆ ಮಾತಾಡುತ್ತಾಳೋ ಅದು ಹೊಳೆಯಲಿಲ್ಲ.

ಮಾರ್ಚ್ ೧೪, ಮಂಗಳವಾರ

ತಿತಿರ್ ಕಾಲೇಜಿನ ಯಾವುದೋ ಕೆಲಸ ಹಚ್ಚಿಕೊಂಡು ವಿಡಿಯೊ ತೆಗೆಯಲು ನನ್ನ ಎದುರು ಫೋನು ನಿಲ್ಲಿಸಿದಳು. ಮೂರು ತಲೆಮಾರಿನವರು ಸಹಿಷ್ಣುತೆ ಎಂದರೆ ಏನೆಂದು ಹೇಳಬೇಕಂತೆ.

“ಠಾಮ್ಮಾ, ಫೋನ್ ನೋಡಬೇಡಿ, ನನ್ನ ನೋಡಿ ಮಾತಾಡಿ.”

ಹುಡುಗಿಯರ ಶಾಲೆಯಲ್ಲಿ ಬಾಂಗ್ಲಾ ಪಾಠ ಹೇಳಿ ಕೂದಲು ನೆರೆಸಿಕೊಂಡವಳಿಗೆ ಮಾತಾಡಲು ಕಲಿಸುತ್ತಾಳೆ! ನನ್ನ ಅತ್ತೆಯ ಕಥೆ ಹೇಳಿದೆ. ಮಾವನವರ ಸ್ನೇಹಿತರೊಬ್ಬರು ಕಾಂಪೌಂಡರ್ ಕರೀಂ ಸಾಹೇಬರು. ದಿನಾ ಸಂಜೆ ಬಂದು ಜಗಲಿಯಲ್ಲಿ ಚದುರಂಗ ಆಡುತ್ತಿದ್ದರು. ಅವರಿಗೆಂದೇ ಗೂಡಿನಲ್ಲಿ ಒಂದು ಕಪ್ಪು ಬೇರೆ ಇರುತ್ತಿತ್ತು. ಅವರು ಕುಡಿದ ಮೇಲೆ ಅತ್ತೆ ಅದನ್ನು ಬೂದಿ ಹಾಕಿ ಉಜ್ಜುತ್ತಿದ್ದರು. ಅದೇ ಅತ್ತೆ ಮರದ ಮೊದಲ ಮಾವಿನಹಣ್ಣನ್ನು ಕರೀಂ ಸಾಹೇಬರ ಮನೆಗೆ ಕಳಿಸದೆ ನಮಗೆ ಮುಟ್ಟಲು ಬಿಡುತ್ತಿರಲಿಲ್ಲ. ಮನೆಯ ಆಡಳಿತ ನನ್ನ ಕೈಗೆ ಬಂದ ದಿನ ಆ ಕಪ್ಪನ್ನು ಎಲ್ಲರ ಕಪ್ಪುಗಳ ಜೊತೆ ಸೇರಿಸಿಬಿಟ್ಟೆ. ಇದನ್ನು ಹೇಳಿದಾಗ ತಿತಿರ್ ಕಣ್ಣು ಅರಳಿತು.

ಅರ್ಚನಾ ನನ್ನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದವಳು ತಲೆ ಎತ್ತಲಿಲ್ಲ. ತಿತಿರ್ ಅವಳ ಕಡೆಗೂ ಫೋನು ತಿರುಗಿಸಿದಳು.

“ಅರ್ಚನಾ ಮಾಶಿ, ನೀವೂ ಹೇಳಿ. ಸಹಿಷ್ಣುತೆ ಅಂದ್ರೆ ಏನು?”

“ನಮಗೇನ್ ಗೊತ್ತಮ್ಮ. ಸಹಿಸ್ಕೊಳ್ಳೋದು ಗೊತ್ತು, ಅದಕ್ಕೆ ಅಷ್ಟು ದೊಡ್ಡ ಹೆಸರಿದೆ ಅಂತ ಗೊತ್ತಿರ್ಲಿಲ್ಲ.”

ತಿತಿರ್ ಕುಣಿದಾಡಿದಳು. ನನಗೆ ಆ ಉತ್ತರ ಹಿಡಿಸಲಿಲ್ಲ. ಆಯಾಗಳು ಹೀಗೆ ಮಾತಾಡುವುದಿಲ್ಲ. ಆಮೇಲೆ ಅವಳು ಸಿಂಕಿನ ಕೆಳಗಿನಿಂದ ತನ್ನ ಸ್ಟೀಲ್ ಲೋಟ ತೆಗೆದು ಟೀ ಬಗ್ಗಿಸಿಕೊಂಡಳು. ಆಯಾಗಳ ಲೋಟವನ್ನು ಅಲ್ಲೇ ಇಡುವುದು ರೂಢಿ.

ಮಾರ್ಚ್ ೨೭, ಸೋಮವಾರ

ಕೆಲವು ದಿನದಿಂದ ಆ ಲೋಟಕ್ಕೆ ಕೆಲಸವಿಲ್ಲ. ಟೀ ಬೇಡ, ಮಂಡಕ್ಕಿ ಬೇಡ, ಅನ್ನ ಬೇಡ. ತುಟಿ ಒಡೆದಿದೆ. ನನ್ನ ಕೋಣೆಯ ಫ್ಯಾನಿನ ಕೆಳಗೇ ಬೆವರು ಒರೆಸಿಕೊಳ್ಳುತ್ತಾ ಕಾಲು ಎತ್ತಿಸಿ ಇಳಿಸುತ್ತಾಳೆ, ಒಂದು ಸಲವೂ ಲೆಕ್ಕ ತಪ್ಪುವುದಿಲ್ಲ.

“ಏನಾಗಿದೆ ನಿಂಗೆ? ಕಾಯಿಲೇನಾ? ನಂಗೆ ಅಂಟಿಸ್ಬೇಡ.”

“ವ್ರತ ಮಾಶಿಮಾ. ಮಗಳ ಮದುವೆಗೆ ಹರಕೆ.”

“ಯಾವ ದೇವರಿಗೆ?”

“ದೇವರಿಗೇ.”

ಚೈತ್ರದಲ್ಲಿ ಹೀಗೆ ಎಡೆಬಿಡದೆ ಉಪವಾಸ ಬೇಡುವ ವ್ರತ ನನಗೆ ಗೊತ್ತಿಲ್ಲ. ಪಂಚಾಂಗ ತರಿಸಿ ನೋಡಿದೆ, ಅದಕ್ಕೂ ಗೊತ್ತಿಲ್ಲ. ಇನ್ನೊಂದು ಕ್ಯಾಲೆಂಡರಿಗೆ ಗೊತ್ತಿರಬಹುದು.

ನಾನು ಅಂಥವಳಲ್ಲ. ಯಾರು ಯಾವ ದೇವರನ್ನು ಬೇಡಿದರೂ ನನಗೇನು? ನನ್ನ ತಕರಾರು ಸುಳ್ಳು ಹೇಳಿದ್ದರ ಬಗ್ಗೆ. ಅದಷ್ಟೇ.

ಮಾರ್ಚ್ ೨೯, ಬುಧವಾರ

ಇವತ್ತು ಪರೀಕ್ಷೆ ಇಟ್ಟೆ. ನಮ್ಮ ಭಾಷೆಯಲ್ಲಿ ಇದು ಸುಲಭ. ಒಂದೇ ಗಂಗೆಯ ನೀರಿಗೆ ನಮ್ಮವರು ಜೊಲ್ ಅನ್ನುತ್ತಾರೆ, ಅವರು ಪಾನಿ ಅನ್ನುತ್ತಾರೆ. ನಮ್ಮ ಸ್ನಾನ ಅವರಿಗೆ ಗೋಸಲ್. ನಮ್ಮ ಮಾಶಿ ಅವರಿಗೆ ಖಾಲಾ. ವೇಷ ಹಾಕಬಹುದು, ನಾಲಿಗೆಗೆ ವೇಷ ಹಾಕುವುದು ಕಷ್ಟ.

“ಅರ್ಚನಾ, ಬಾಟಲಿಯಲ್ಲಿ ಏನು ತುಂಬಿಸ್ತಿದ್ದೀಯಾ?”

“ಜೊಲ್, ಮಾಶಿಮಾ.”

“ನಿಮ್ಮಮ್ಮನ ತಂಗೀನ ಏನಂತ ಕರೀತೀಯಾ?”

“ಮಾಶಿ ಅಂತ. ಯಾಕೆ ಮಾಶಿಮಾ?”

“ಸುಮ್ನೆ. ಬೆಳಗ್ಗೆ ಎದ್ದು ಏನ್ ಮಾಡಿದೆ?”

“ಸ್ನಾನ ಮಾಡಿ, ಲೋಕಲ್ ಟ್ರೈನ್ ಹತ್ತಿ, ಸ್ಟೇಷನ್ನಿಂದ ಟೋಟೋ ರಿಕ್ಷಾ ಹಿಡಿದು ಬಂದೆ.” ಕಣ್ಣಲ್ಲಿ ನಗು ಇತ್ತೋ ಏನೋ. “ಇನ್ನೂ ಏನಾದ್ರೂ ಕೇಳೋದಿದ್ಯಾ?”

ನೂರಕ್ಕೆ ನೂರು. ನೂರಕ್ಕೆ ನೂರು ತೆಗೆಯುವ ಹುಡುಗಿಯರನ್ನು ಶಾಲೆಯಲ್ಲೂ ನಾನು ನಂಬಿದವಳಲ್ಲ. ಪಕ್ಕದವಳದ್ದು ನೋಡಿ ಬರೆದಿರುತ್ತಾರೆ.

ಏಪ್ರಿಲ್ ೨, ಭಾನುವಾರ

ಗಂಟಲು ಉರಿಯುತ್ತಿದೆ. ಆದರೂ ಬರೆಯಲೇಬೇಕು.

ಮಧ್ಯಾಹ್ನ ಊಟದಲ್ಲಿ ಮೀನಿನ ಮುಳ್ಳು ಗಂಟಲಿಗೆ ಅಡ್ಡ ಸಿಕ್ಕಿತು. ಕೆಮ್ಮಲೂ ಆಗಲಿಲ್ಲ, ನುಂಗಲೂ ಆಗಲಿಲ್ಲ, ಕಣ್ಣು ಮೇಲೆ ಸಿಕ್ಕಿಕೊಂಡಿತು. ಬುಬಾಯಿ ಮೀನು ಪೇಟೆಯಿಂದ ಬಂದವನು ಮಹಡಿಯಲ್ಲಿ ಮಲಗಿದ್ದ, ತಿತಿರ್ ಕಿವಿಗೆ ಏನೋ ಸಿಕ್ಕಿಸಿಕೊಂಡು ಕೂತಿದ್ದಳು. ಅರ್ಚನಾ ನನ್ನನ್ನು ಮುಂದಕ್ಕೆ ಬಗ್ಗಿಸಿ ಬೆನ್ನಿಗೆ ಗುದ್ದಿದಳು, ಬಾಯಿಗೆ ಬೆರಳು ಹಾಕಿ ಮುಳ್ಳು ಎಳೆದು ತೆಗೆದಳು. ತೆಗೆಯುತ್ತಲೇ ಕೂಗಿದಳು:

“ಪಾನಿ! ಯಾರಾದ್ರೂ ಪಾನಿ ತನ್ನಿ!”

ಯಾರೂ ಬರಲಿಲ್ಲ. ಅವಳೇ ಓಡಿಹೋಗಿ ಕೈಗೆ ಸಿಕ್ಕ ಲೋಟದಲ್ಲಿ ತಂದಳು. ಸ್ಟೀಲ್ ಲೋಟ. ಕುಡಿದೆ. ಅವಳು ಎರಡು ಸಲ ಬಾಗಿಲ ಕಡೆ ನೋಡಿದಳು, ಯಾರಾದರೂ ಬಂದಾರೆಂದೋ ಯಾರಾದರೂ ಕೇಳಿಸಿಕೊಂಡರೆಂದೋ ತಿಳಿಯಲಿಲ್ಲ.

ನಾನು ಬದುಕಿದ್ದೇನೆ. ಅದು ಒಂದು ಕಡೆ ಇರಲಿ. ಅವಳು ಪಾನಿ ಅಂದಳು.

ಏಪ್ರಿಲ್ ೩

ಯಾರಿಗೂ ಹೇಳಿಲ್ಲ.

ಏಪ್ರಿಲ್ ೬, ಗುರುವಾರ

ಬುಬಾಯಿಗೆ ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿ ನೋಡಿದೆ. ಅವನ ಫೋನಿಗೆ ಬರುವ ಸಂದೇಶಗಳನ್ನು ಊಟದ ಹೊತ್ತಿನಲ್ಲಿ ಓದಿ ಹೇಳುತ್ತಾನಲ್ಲ, ಅವರು ಹಾಗೆ, ಅವರು ಹೀಗೆ ಎಂದು. ಅಂಥವನು ಇವಳನ್ನು ಒಂದು ಗಳಿಗೆ ಇಟ್ಟುಕೊಳ್ಳುವುದಿಲ್ಲ. ನಾಲ್ಕನೆಯ ಆಯಾ ಬರುತ್ತಾಳೆ, ನಾನು ಮತ್ತೆ ಹಾಸಿಗೆ ಹಿಡಿಯುತ್ತೇನೆ. ನಿನ್ನೆ ಕೋಲು ಹಿಡಿದು ಕಿಟಕಿಯವರೆಗೆ ಹೋಗಿದ್ದೆ.

ಇವತ್ತು ಎಣ್ಣೆ ಹಚ್ಚುವಾಗ ಕೇಳಿಯೇಬಿಟ್ಟೆ.

“ನಿನ್ನ ಹೆಸರೇನು?”

“ಅರ್ಚನಾ.”

“ಅದು ಆಯಾಗಳನ್ನ ಕಳಿಸೋ ಸೆಂಟರ್‌ನವರು ಇಟ್ಟಿದ್ದು. ನಿಮ್ಮಮ್ಮ ಇಟ್ಟಿದ್ದು?”

ಅವಳ ಕೈ ನಿಂತಿತು. ಹೊರಗೆ ಐಸ್‌ಕ್ರೀಂ ಗಾಡಿಯವನು ಗಂಟೆ ಹೊಡೆದುಕೊಂಡು ಹೋದ, ಅವಳು ಎದ್ದು ಕಿಟಕಿ ಮುಚ್ಚಿ ಬಂದಳು.

“ರಶೀದಾ. ಇವತ್ತೇ ಹೋಗ್ಬೇಕಾ ಮಾಶಿಮಾ, ಇಲ್ಲ ತಿಂಗಳು ಮುಗಿಸ್ಲಾ?”

“ಯಾಕೆ ಸುಳ್ಳು ಹೇಳಿದೆ?”

“ನಿಜ ಹೇಳಿದ್ರೆ ನೀವು ಬಾಗಿಲು ತೆಗೀತಿದ್ರಾ?”

“ನಾನು ತೆಗೀತಿದ್ದೆ!”

ನನ್ನ ಮುಖವನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ನನಗೆ ಕೋಪ ಬಂತು.

“ಕಾಲು ಉಜ್ಜು,” ಅಂದೆ. “ಬುಬಾಯಿಗೆ ಗೊತ್ತಾಗ್ಬಾರ್ದು. ತಿತಿರ್‌ಗೂ ಬೇಡ, ಅವಳ ಹೊಟ್ಟೇಲಿ ಮಾತು ನಿಲ್ಲಲ್ಲ.”

ಈಗ ಬರೆಯುವಾಗ ಮನಸ್ಸಿಗೆ ಹಿತವಾಗಿದೆ. ನನ್ನ ಜಾಗದಲ್ಲಿ ಬೇರೆಯವರಿದ್ದರೆ ಏನು ಮಾಡುತ್ತಿದ್ದರು?

ಏಪ್ರಿಲ್ ೯, ಭಾನುವಾರ

ಪಾಠ ಶುರು ಮಾಡಿದ್ದೇನೆ. ಶಾಂತವಾಗಿದ್ದಾಗ ಎಲ್ಲರೂ ಸರಿಯಾಗಿ ಹೇಳುತ್ತಾರೆ, ಹೆದರಿದಾಗ ಏನು ಬರುತ್ತದೆ ಎಂಬುದೇ ಮುಖ್ಯ. ಅವಳು ಬೆನ್ನು ತಿರುಗಿಸಿದಾಗ ತಟ್ಟೆ ಬೀಳಿಸಿದೆ. “ಅಲ್ಲಾ!” ಅಂದಳು.

“ಅಯ್ಯೋ ದುರ್ಗಾ ಅನ್ನಬೇಕು. ದುರ್ಗಾ, ದುರ್ಗಾ.”

“ದುರ್ಗಾ, ದುರ್ಗಾ,” ಎಂದು ಅವಳು ನಗತೊಡಗಿದಳು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. “ಮಾಶಿಮಾ, ಇನ್ನೊಂದ್ ಸಲ ತಟ್ಟೆ ಬೀಳಿಸಿದ್ರೆ ನಂಗೆ ದುರ್ಗಾನೂ ಬರಲ್ಲ, ಬೈಗುಳ ಬರುತ್ತೆ.”

ಶಂಖದ ಬಳೆಗೆ ಅರಿಶಿನ ಹಚ್ಚಿಸಿದೆ. ಇಷ್ಟು ಸಣ್ಣ ವಿಷಯ ಅವಳ ಸೆಂಟರ್‌ನವರಿಗೆ ಹೊಳೆದಿಲ್ಲ. ಕೈಕಾಲು ತೊಳೆದು ತಾರಸಿಗೆ ಹೋಗುವಾಗ ಬಟ್ಟೆಯ ಬುಟ್ಟಿ ಹಿಡಿದುಕೊಂಡು ಹೋಗು ಎಂದೂ ಹೇಳಿದ್ದೇನೆ. ಅವಳು ಒಂದು ಕ್ಷಣ ನನ್ನನ್ನೇ ನೋಡಿ, “ನೀವು ಕಳ್ಳರ ಕಡೆ ಹುಟ್ಟಬೇಕಿತ್ತು,” ಅಂದಳು.

ಏಪ್ರಿಲ್ ೧೫, ಶನಿವಾರ. ನಮ್ಮ ಬಾಂಗ್ಲಾ ಹೊಸ ವರ್ಷ

ಎದುರುಮನೆಯ ಚಟರ್ಜಿ ಗೃಹಿಣಿ ಸಂದೇಶ್ ಮಿಠಾಯಿಯ ಡಬ್ಬಿ ಹಿಡಿದು ಬಂದಿದ್ದಳು. ನಾನು ಕೋಲೂರಿ ಜಗಲಿಯವರೆಗೆ ನಡೆದು ಬಂದದ್ದನ್ನು ನೋಡಿ ಬಾಯಿ ಬಿಟ್ಟಳು. ಅವಳ ಮಾವನಿಗೆ ಪಾರ್ಶ್ವವಾಯು.

“ದೀದಿ, ನಿಮಗೆ ವಾಸಿ ಆದ್ಮೇಲೆ ನಿಮ್ಮ ಅರ್ಚನಾನ ನಮಗೆ ಬಿಟ್ಟುಕೊಡಿ. ನಮ್ಮನೇಲಿ ದೇವರ ಕೋಣೆ, ಠಾಕುರ್ ಘರ್ ಇದೆಯಲ್ಲ, ಕಂಡಕಂಡವರನ್ನ ಒಳಗೆ ಬಿಟ್ಕೊಳ್ಳೋಕೆ ಆಗಲ್ಲ. ಈಗೀಗ ಸೆಂಟರ್‌ನವರು ಯಾರ್ಯಾರನ್ನೋ ಯಾವ್ಯಾವ ಹೆಸರಲ್ಲೋ ಕಳಿಸ್ತಾರಂತೆ! ಇವಳಾದ್ರೆ ನೋಡಿದ್ರೇನೇ ಗೊತ್ತಾಗುತ್ತೆ, ಲಕ್ಷಣವಾದ ಹೆಂಗಸು.”

ಅರ್ಚನಾ ಬಾಗಿಲಲ್ಲೇ ನಿಂತಿದ್ದಳು. ಮುಖದಲ್ಲಿ ಏನೂ ಇರಲಿಲ್ಲ. ಸಂಬಳ ನಮ್ಮದಕ್ಕಿಂತ ಜಾಸ್ತಿ, ಮಗಳ ಮದುವೆ ಇದೆ, ಒಪ್ಪಿಕೊಂಡಳು.

ಚಟರ್ಜಿಯವಳು ಹೋದಮೇಲೆ ನಾನು ಪಾಪ ಅನ್ನಿಸಿ ಹೇಳಿದೆ, “ನೀನು ತುಂಬಾ ಸಹಿಸ್ಕೊಂಡಿದ್ದೀಯಾ. ನಾವೂ ನಿನ್ನ ಸಹಿಸ್ಕೊಂಡಿಲ್ವಾ?”

“ನಾನು ನಿಮಗೆ ಏನ್ ಮಾಡಿದ್ದೆ ಮಾಶಿಮಾ, ಸಹಿಸ್ಕೊಳ್ಳೋಕೆ?”

ಒರಟು ಮಾತು. ವ್ರತದ ಹಸಿವಿನಲ್ಲಿ ಹಾಗೆ ಆಡಿರಬೇಕು. ಸಂದೇಶ್ ನನಗೆ ರುಚಿಸಲಿಲ್ಲ.

ಏಪ್ರಿಲ್ ೨೦, ಗುರುವಾರ

ಈದ್‌ಗೆ ರಜೆ ಬೇಕೆಂದಳು. ಮನೆಯಲ್ಲಿ ‘ತಮ್ಮನಿಗೆ ಹುಷಾರಿಲ್ಲ’ ಎಂದು ಹೇಳಲು ನಾನೇ ಹೇಳಿಕೊಟ್ಟೆ. ಬುಬಾಯಿ ತಕ್ಷಣ ಒಪ್ಪಿಕೊಂಡ. ಇಷ್ಟು ಸುಲಭವಾಗಿ ಅವನು ಯಾವುದನ್ನೂ ಒಪ್ಪುವವನಲ್ಲ. ಯಾಕೆ?

ಏಪ್ರಿಲ್ ೨೧, ಶುಕ್ರವಾರ

ಕ್ರಮವಾಗಿ ಬರೆಯುತ್ತೇನೆ.

ಸಂಜೆ ಅರ್ಚನಾ ಹೋದಮೇಲೆ ಮಲಗಿದ್ದೆ. ತಿತಿರ್ ಕೋಣೆಯಿಂದ ನನ್ನದೇ ದನಿ ಕೇಳಿಸಿತು, ಕರೀಂ ಸಾಹೇಬರ ಕಪ್ಪಿನ ಕಥೆ. ಹಿಂದೆಯೇ ಅರ್ಚನಾಳ ದನಿ: ಸಹಿಸ್ಕೊಳ್ಳೋದು ಗೊತ್ತು. ಅದರ ಹಿಂದೆ ತಿತಿರ್ ದನಿ, ಕಾಲೇಜಿನ ಭಾಷಣದ ಧಾಟಿಯಲ್ಲಿ: “ಇವರ ಹೆಸರು ಅರ್ಚನಾ ಅಲ್ಲ, ಮನೋಯಾರಾ. ನಮ್ಮ ಮನೆಯಲ್ಲಿ...”

ಎದ್ದೆ. ಅವಳ ಕೋಣೆಗೆ ಹೋಗಿ ಕೈಯಿಂದ ಫೋನು ಕಿತ್ತುಕೊಂಡೆ.

“ಠಾಮ್ಮಾ! ನಿಮ್ಮ ಕೋಲೆಲ್ಲಿ?”

“ಕೋಲಿನ ವಿಷಯ ಆಮೇಲೆ. ಇದೇನಿದು?”

“ನಾಳೆ ಈದ್ ಅಲ್ವಾ, ಫೇಸ್‌ಬುಕ್‌ಗೆ ಹಾಕ್ತೀನಿ. ಮಾರ್ಚಲ್ಲೇ ತಾರಸೀಲಿ ಅವರು ನಮಾಜ್ ಮಾಡೋದು ನೋಡಿದ್ದೆ. ನಾನು ಕೇಳಿದ್ದಕ್ಕೆ ಹೆಸರೂ ಹೇಳಿದ್ರು. ನಿಮಗೆ ಗೊತ್ತಾದ್ರೆ ಓಡಿಸಿಬಿಡ್ತೀರಿ ಅಂತ ಸುಮ್ನಿದ್ದೆ.”

“ನಾನಾ? ನಾನು ಓಡಿಸ್ತೀನಾ? ನಂಗೆ ಎಂದೋ ಗೊತ್ತು! ಮತ್ತೆ ಅವಳ ಹೆಸರು ಮನೋಯಾರಾ ಅಲ್ಲ, ರಶೀದಾ.”

“ಮನೋಯಾರಾ ಅಂತ ನಂಗೇ ಹೇಳಿದ್ರು.”

ಬಾಗಿಲಲ್ಲಿ ಬುಬಾಯಿ ನಿಂತಿದ್ದ, ಕೈಯಲ್ಲಿ ಅರ್ಧ ಸುಲಿದ ಬಾಳೆಹಣ್ಣು.

“ಸಾಬೆರಾ ಅಲ್ವಾ?” ಅಂದ.

ನಾವಿಬ್ಬರೂ ಅವನ ಕಡೆ ತಿರುಗಿದೆವು. ಸ್ಟೇಷನ್ ಪ್ಲಾಟ್‌ಫಾರಂನಲ್ಲಿ ಹೊತ್ತು ಮುಳುಗಿದ ಮೇಲೆ ಅವಳು ಖರ್ಜೂರ ತಿನ್ನುವುದನ್ನು ನೋಡಿದನಂತೆ. ಹೆಸರು ಕೇಳಿದನಂತೆ. ಅಮ್ಮನಿಗೆ ಗೊತ್ತಾದರೆ ಕಷ್ಟ, ಬಾಯಿ ಬಿಡಬೇಡ ಎಂದು ಅವಳಿಗೇ ಬುದ್ಧಿ ಹೇಳಿದನಂತೆ.

“ಮತ್ತೆ ದಿನಾ ಊಟಕ್ಕೆ ಕೂತಾಗ ಓದ್ತೀಯಲ್ಲ, ಅವರು ಹಾಗೆ, ಹೀಗೆ ಅಂತ?”

“ಅದು ಬೇರೆ ಮಾ. ಇವಳು ನಮ್ಮ ಅರ್ಚನಾ.”

ನಾನು ತಿತಿರ್‌ಗೆ ಅದನ್ನು ಅಳಿಸು ಅಂದೆ. ಅಳಿಸುವುದಿಲ್ಲ ಎಂದಳು. ಒಳ್ಳೆಯದನ್ನು ಯಾಕೆ ಮುಚ್ಚಿಡಬೇಕು, ಹೆಮ್ಮೆಯ ವಿಷಯ ಎಂದಳು.

“ಹೆಮ್ಮೆ ನಿನ್ನದು. ಕೆಲಸ ಹೋಗೋದು ಅವಳದ್ದು. ಚಟರ್ಜಿ ಮನೇಲಿ ನಿನ್ನ ಫೇಸ್‌ಬುಕ್ ನೋಡಲ್ವಾ? ಈ ಗಲ್ಲೀಲಿ ಇನ್ನೊಂದ್ ಬಾಗಿಲು ಅವಳಿಗೆ ತೆಗೆಯುತ್ತಾ? ಅವಳನ್ನ ಕೇಳಿದ್ಯಾ?”

“ಚೆನ್ನಾಗಿದೆ ಅಂತ ನಕ್ಕರು.”

“ಕೆಲಸದವರು ನಗದೆ ಇನ್ನೇನ್ ಮಾಡ್ತಾರೆ!”

ತಿತಿರ್ ಅತ್ತಳು. ಅಳುತ್ತಲೇ ಅಂದಳು: “ನಿಮ್ಮತ್ತೆ ಕಪ್ಪು ಬೇರೆ ಇಟ್ರು. ನೀವು ಕಪ್ಪು ಸೇರಿಸಿ, ಮನುಷ್ಯರನ್ನೇ ಮುಚ್ಚಿಟ್ರಿ. ನಾನಾದ್ರೂ ಹೆಸರು ಹೇಳ್ತಿದ್ದೀನಿ.”

ನಾನು ಫೋನು ಬಿಡಲಿಲ್ಲ. ಕೊನೆಗೆ ನನ್ನ ಕಣ್ಣೆದುರೇ ಅಳಿಸಿದಳು. ಇನ್ನೆಲ್ಲಾದರೂ ಇನ್ನೊಂದು ಪ್ರತಿ ಇಟ್ಟುಕೊಂಡಿರುತ್ತಾಳೆ, ಈ ಹುಡುಗಿಯರನ್ನು ನಾನು ಬಲ್ಲೆ. ನಾಳೆ ಮತ್ತೆ ಕೇಳಬೇಕು.

ಒಬ್ಬಳು ಹೆಂಗಸು, ಮೂರು ಜನಕ್ಕೆ ಮೂರು ಹೆಸರು. ಅವಳನ್ನು ರಕ್ಷಿಸಿದೆ ಎಂದು ನಾನು ತಿಳಿದುಕೊಂಡಿದ್ದೆ.

ಏಪ್ರಿಲ್ ೨೨, ಶನಿವಾರ

ಈದ್. ಅವಳಿಲ್ಲ. ಸಿಂಕಿನ ಕೆಳಗೆ ಆ ಲೋಟ ಕಂಡಿತು. ಅಲ್ಲಿ ಯಾಕೆ ಇಟ್ಟಿದ್ದಾರೋ, ಜಿರಳೆ ಓಡಾಡುವ ಜಾಗ. ತೆಗೆದು ಮೇಲಿಟ್ಟೆ.

ಏಪ್ರಿಲ್ ೨೫, ಮಂಗಳವಾರ

ಬರುವುದಿಲ್ಲ ಎಂದುಕೊಂಡಿದ್ದೆ. ಬಂದಳು. ಸೆರಗಿನ ಮರೆಯಲ್ಲಿ ಡಬ್ಬಿ, ಡಬ್ಬಿಯಲ್ಲಿ ಹಾಲು ಶಾವಿಗೆ.

“ತಮ್ಮ ಹೇಗಿದ್ದಾನೆ?” ಎಂದು ಜೋರಾಗಿ ಕೇಳಿದೆ, ಬೀದಿಗೆ ಕೇಳಿಸಲಿ ಎಂದು. ಬಾಗಿಲು ಮುಚ್ಚಿದ ಮೇಲೆ ಕೂರಿಸಿಕೊಂಡೆ. “ರಶೀದಾ. ಮನೋಯಾರಾ. ಸಾಬೆರಾ. ಇದರಲ್ಲಿ ನೀನು ಯಾರು?”

ಅವಳಿಗೆ ನಾಚಿಕೆಯಾಗಲಿಲ್ಲ. ನನ್ನ ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು.

“ಯಾರೂ ಅಲ್ಲ. ಹಿಂದೆ ಒಂದು ಮನೇಲಿ ಎಲ್ಲರಿಗೂ ಒಂದೇ ಹೆಸರು ಹೇಳಿದ್ದೆ ಮಾಶಿಮಾ. ಬೀದಿಗೆಲ್ಲ ಗೊತ್ತಾಯ್ತು, ಕೆಲಸ ಹೋಯ್ತು, ಯಾರು ಬಾಯಿ ಬಿಟ್ರು ಅಂತ ಇವತ್ತಿಗೂ ಗೊತ್ತಿಲ್ಲ. ಈಗ ಒಬ್ಬೊಬ್ಬರಿಗೆ ಒಂದೊಂದು ಹೇಳ್ತೀನಿ. ಗಲ್ಲೀಲಿ ಯಾವ ಹೆಸರು ಕೇಳಿಸುತ್ತೋ, ಅದು ಯಾರಿಂದ ಹೊರಗೆ ಬಿತ್ತು ಅಂತ ಗೊತ್ತಾಗುತ್ತೆ.”

ಇಷ್ಟು ದಿನ ಪರೀಕ್ಷೆ ಇಟ್ಟವಳು ನಾನೆಂದುಕೊಂಡಿದ್ದೆ. ಅವಮಾನವಾಯಿತು, ನಗುವೂ ಬಂತು. ತಿತಿರ್ ಮಾಡಲು ಹೊರಟಿದ್ದನ್ನೂ ಅದು ಅಳಿದುಹೋದದ್ದನ್ನೂ ಹೇಳಿದೆ. ಅವಳಿಗೆ ಆಗಲೇ ಗೊತ್ತಿತ್ತು. ತಿತಿರ್ ಫೋನು ಮಾಡಿ ಕ್ಷಮೆ ಕೇಳಿದಳಂತೆ. ಆ ಹುಡುಗಿ ನನಗೆ ಹೇಳಲೇ ಇಲ್ಲ.

“ನಾನು ನಿನ್ನ ಹೆಸರು ಕೇಳಲ್ಲ,” ಅಂದೆ. “ನಂಬಿಕೆ ಇಲ್ದೋರ ಹತ್ರ ಕೇಳ್ಕೊಂಡು ಏನು? ಒಂದನೇ ತಾರೀಕಿಗೆ ಎದುರುಮನೆಗೆ ಹೋಗು. ಅರ್ಚನಾ ಅಂತಾನೇ ಕೂಗ್ತೀನಿ.”

ಅವಳು ಸ್ವಲ್ಪ ಹೊತ್ತು ಎಣ್ಣೆ ಉಜ್ಜಿದಳು. ಆಮೇಲೆ, ಸೊಂಟದ ಹತ್ತಿರ ಬಗ್ಗಿದವಳು, ಮೆಲ್ಲಗೆ ಒಂದು ಹೆಸರು ಹೇಳಿದಳು.

ನಾನು ಇದೂ ಸುಳ್ಳಿರಬೇಕು ಎಂದು ಅವಳ ಮುಖ ನೋಡಿದೆ. ಅಷ್ಟರಲ್ಲಿ ಅವಳ ಮಗಳ ಫೋನು ಬಂತು. ಅಲ್ಲಿ ಅಳುತ್ತಿದ್ದ ಮಗುವಿಗೆ, ಇವಳ ತಂಗಿಯ ಮಗುವಿಗೆ, ಫೋನು ಕೊಟ್ಟರೆಂದು ಕಾಣುತ್ತದೆ, ಅದು ಖಾಲಾ ಎಂಬುದರ ಮುಂದೆ ಆ ಹೆಸರನ್ನೇ ಸೇರಿಸಿ ಕಿರುಚಿತು. ನಿಜವೇ.

“ಯಾಕೆ ಹೇಳಿದೆ?”

“ಟೋಟೋದಲ್ಲಿ ಬರ್ತಾ ಗಲ್ಲಿ ಪೂರ್ತಿ ಕಿವಿ ತೆರೆದು ಬಂದೆ. ಮೂರರಲ್ಲಿ ಒಂದೂ ಕೇಳಿಸ್ಲಿಲ್ಲ.”

ಶಾವಿಗೆಗೆ ಸಕ್ಕರೆ ಜಾಸ್ತಿ. ಬಟ್ಟಲು ನೆಕ್ಕಿದ ಹಾಗೆ ಮುಗಿಸಿದ ಮೇಲೆ ಬಾಯಾರಿತು, ನೀರು ಕೇಳಿದೆ. ಅವಳು ಕಿಟಕಿಯ ಕಡೆ ನೋಡಿ ತುಟಿಗೆ ಬೆರಳಿಟ್ಟಳು.

“ಜೊಲ್ ಅನ್ನಿ ಮಾಶಿಮಾ. ಎದುರುಮನೆಗೆ ಕೇಳಿಸುತ್ತೆ.”

ನಾನು ಬೇರೆ ಏನಂದೆ? ನನಗೇನೂ ನೆನಪಿಲ್ಲ. ಯಾವ ಲೋಟದಲ್ಲಿ ಕೊಟ್ಟಳೋ ಅದನ್ನೂ ನೋಡಲಿಲ್ಲ.

ಚಂದದ ಹೆಸರು. ಬಾಂಗ್ಲಾದಲ್ಲಿ ಬರೆಯುವಾಗ ಹತ್ತರಲ್ಲಿ ಒಂಬತ್ತು ಜನ ಅದರ ಕಾಗುಣಿತ ತಪ್ಪುತ್ತಾರೆ. ನಾನು ತಪ್ಪುವುದಿಲ್ಲ, ಸರಿಯಾಗಿ ಬರೆದು ನೋಡುವ ಆಸೆಗೆ ಬೆರಳು ತುರಿಸುತ್ತಿದೆ. ಆದರೆ ಇಲ್ಲಿ ಬರೆಯುವುದಿಲ್ಲ. ಹಿಂದಿನ ಪುಟಗಳನ್ನು ನಾಳೆ ಒಲೆಗೆ ಹಾಕುತ್ತೇನೆ, ಈಗ ಎದ್ದು ಅಡುಗೆಮನೆಗೆ ಹೋಗಲು ನನಗೆ ಯಾರ ಹಂಗೂ ಬೇಕಿಲ್ಲ. ಈ ಮನೆಯವರನ್ನು ನಂಬುವ ಹಾಗಿಲ್ಲ.